ಕುಣಿಗಲ್ ಕುದುರೆಯ ತರ್ಕ, ಗುಬ್ಬಿ ಕಂಪನಿಯ ತರ್ಕ

ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಒಲಿಂಪಿಕ್ಸ್ ಮುಗಿದ ವಾರ ನಮ್ಮಲ್ಲಿ ಒಂದು ಲೆಕ್ಕ ಶುರುವಾಗುತ್ತದೆ. ಯಾವ ದೇಶಕ್ಕೆ ಎಷ್ಟು ಪದಕ, ಆ ದೇಶದ ಜನಸಂಖ್ಯೆ ಎಷ್ಟು, ನಮ್ಮದೆಷ್ಟು. ತುಮಕೂರಿನ ಕಡೆಯವರಿಗೆ ಈ ಲೆಕ್ಕದಲ್ಲಿ ಹೇಳಿ ಮಾಡಿಸಿದಂತೆ ಸಿಗುವ ದೇಶ ಮಂಗೋಲಿಯಾ. 2011ರ ಜನಗಣತಿಯ ಪ್ರಕಾರ ತುಮಕೂರು ಜಿಲ್ಲೆಯ ಜನಸಂಖ್ಯೆ ಸುಮಾರು 26.8 ಲಕ್ಷ. 2010ರ ಗಣತಿಯಲ್ಲಿ ಇಡೀ ಮಂಗೋಲಿಯಾ ದೇಶದ ಜನಸಂಖ್ಯೆ ಸುಮಾರು 27 ಲಕ್ಷ. ಅಂದರೆ ಪಾವಗಡದಿಂದ ಕುಣಿಗಲ್‌ವರೆಗಿನ ನಮ್ಮ ಜಿಲ್ಲೆಯ ಜನರನ್ನೆಲ್ಲ ಒಟ್ಟು ಮಾಡಿದರೆ ಒಂದು ಮಂಗೋಲಿಯಾ.

ಈಗ ಪದಕ ನೋಡಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೂರು, ಮಂಗೋಲಿಯಾಕ್ಕೆ ನಾಲ್ಕು. ಅದರಲ್ಲಿ ಎರಡು ಚಿನ್ನ. 2012ರ ಲಂಡನ್‌ನಲ್ಲಿ ಭಾರತಕ್ಕೆ ಆರು, ಮಂಗೋಲಿಯಾಕ್ಕೆ ಐದು. 2016ರ ರಿಯೋದಲ್ಲಿ ಇಬ್ಬರಿಗೂ ಎರಡೆರಡು, ಒಂದು ಬೆಳ್ಳಿ, ಒಂದು ಕಂಚು. ಒಂದು ಜಿಲ್ಲೆಯಷ್ಟು ಜನರಿರುವ ದೇಶ ನೂರಾರು ಜಿಲ್ಲೆಗಳ ದೇಶಕ್ಕೆ ಸಮಸಮವಾಗಿ ನಿಂತಿತ್ತು.

ಈ ಲೆಕ್ಕ ಸುಳ್ಳಲ್ಲ. ಆದರೆ ಈ ಲೆಕ್ಕದ ಕೊನೆಯಲ್ಲಿ ನಾವು ಬರೆದುಕೊಳ್ಳುವ ಉತ್ತರ ಸುಳ್ಳು. ಆ ಉತ್ತರವನ್ನು ನೀವೂ ಕೇಳಿರುತ್ತೀರಿ, ಬಹುಶಃ ಹೇಳಿಯೂ ಇರುತ್ತೀರಿ. ‘ಅವರು ಚೆಂಗೀಸ್ ಖಾನನ ವಂಶದವರು, ರಕ್ತದಲ್ಲೇ ಬಂದಿದೆ.’ ‘ಅವರು ಹುಟ್ಟುತ್ತಲೇ ಕುದುರೆ ಹತ್ತುವವರು.’ ‘ಮೂರು ಹೊತ್ತೂ ಮಾಂಸ ತಿನ್ನುವವರ ಮುಂದೆ ಮುದ್ದೆ ಸಾರಿನ ನಾವು ಎಲ್ಲಿ?’ ಕಾಲೇಜು ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ಓದಿಕೊಂಡವರ ಮನೆಯ ಜಗಲಿಯಲ್ಲಿ ಕೇಳಿಬರುವ ಮಾತು ಇದೇ. ‘ಬೆಳೆಯುವ ಪೈರು ಮೊಳಕೆಯಲ್ಲಿ’ ಎಂಬ ಗಾದೆಯನ್ನೂ ಜೊತೆಗೆ ಸೇರಿಸಿ ಮಾತು ಮುಗಿಸುತ್ತೇವೆ.

ಇದಕ್ಕೆ ನಾನಿಟ್ಟಿರುವ ಹೆಸರು ಕುಣಿಗಲ್ ತರ್ಕ. ಕುಣಿಗಲ್ ಎಂದರೆ ಹೊರಗಿನವರಿಗೆ ನೆನಪಾಗುವುದು ಕೆರೆಯ ಹಾಡು. ನಮ್ಮ ಕಡೆಯವರಿಗೆ ಅದರ ಜೊತೆಗೆ ಸ್ಟಡ್ ಫಾರ್ಮ್. ಟಿಪ್ಪುವಿನ ಅಶ್ವದಳದ ಜೊತೆ ಹೆಸರು ತಳಕು ಹಾಕಿಕೊಂಡಿರುವ, ಮುಂದೆ ರೇಸು ಕುದುರೆಗಳಿಗೆ ಹೆಸರಾದ ಜಾಗ. ಅಲ್ಲಿ ವಂಶಾವಳಿಯೇ ಎಲ್ಲ. ಯಾವ ಮರಿಯ ತಂದೆ ಯಾವುದು, ತಾಯಿ ಯಾವುದು, ಅವುಗಳ ತಂದೆ ತಾಯಿ ಯಾವುವು ಎಂದು ಪುಸ್ತಕದಲ್ಲಿ ದಾಖಲಾಗಿರುತ್ತದೆ. ಇಂದು ಜಗತ್ತಿನಲ್ಲಿ ಓಡುವ ಥರೋಬ್ರೆಡ್ ರೇಸು ಕುದುರೆಗಳ ಗಂಡು ವಂಶ ಹಿಂದಕ್ಕೆ ಹೋದರೆ ಮೂರೇ ಮೂರು ಕುದುರೆಗಳಿಗೆ ಸೇರುತ್ತದೆ. ಕುದುರೆಗಳ ವಿಷಯದಲ್ಲಿ ಈ ತರ್ಕ ಸರಿಯೇ ಇರಬಹುದು. ಅದೇ ಪುಸ್ತಕ ಹಿಡಿದು ಮನುಷ್ಯರನ್ನು ಅಳೆಯಲು ಹೊರಟರೆ ಏನಾಗುತ್ತದೆ ಎಂಬುದೇ ಈ ಬರಹದ ವಿಷಯ.

*

ಮೊದಲು ಮಂಗೋಲಿಯಾದ ಮೇಲೆಯೇ ಈ ತರ್ಕವನ್ನು ಉಜ್ಜಿ ನೋಡೋಣ.

ಮಂಗೋಲಿಯಾದ ದೊಡ್ಡ ಹಬ್ಬ ನಾದಮ್. ಜುಲೈ ತಿಂಗಳಲ್ಲಿ ನಡೆಯುತ್ತದೆ. 2010ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೂ ಸೇರಿತು. ಅದರಲ್ಲಿ ಮುಖ್ಯವಾದವು ಮೂರು ಆಟ: ಕುಸ್ತಿ, ಕುದುರೆ ಓಟ, ಬಿಲ್ಲುಗಾರಿಕೆ. ಅವರ ಕುಸ್ತಿಗೆ ಬೋಖ್ ಎಂದು ಹೆಸರು. ರಾಷ್ಟ್ರೀಯ ನಾದಮ್‌ನಲ್ಲಿ 512 ಪೈಲ್ವಾನರು ಇಳಿಯುತ್ತಾರೆ. ತೂಕದ ವಿಭಾಗಗಳಿಲ್ಲ. ಸೋತವನು ಮನೆಗೆ, ಗೆದ್ದವನು ಮುಂದಿನ ಸುತ್ತಿಗೆ. ಒಂಬತ್ತು ಸುತ್ತು. ಐದು ಗೆದ್ದವನಿಗೆ, ಆರು ಗೆದ್ದವನಿಗೆ ಹಕ್ಕಿಗಳ ಹೆಸರಿನ ಬಿರುದು, ಏಳು ಗೆದ್ದವನಿಗೆ ಆನೆ, ಎಂಟು ಗೆದ್ದವನಿಗೆ ಗರುಡ, ಒಂಬತ್ತೂ ಗೆದ್ದವನಿಗೆ ಸಿಂಹ. ಗರುಡ ಎಂಬುದು ನಮ್ಮದೇ ಶಬ್ದ. ಬೌದ್ಧ ಧರ್ಮದ ಜೊತೆ ಸಂಸ್ಕೃತದಿಂದ ಅಲ್ಲಿಗೆ ಹೋಗಿದ್ದು. ಗೆದ್ದ ಪೈಲ್ವಾನ ಎರಡೂ ತೋಳು ಚಾಚಿ ಗರುಡನ ಹಾಗೆ ಕುಣಿಯುತ್ತಾನೆ. ನರಸಿಂಹನ ಬೆಟ್ಟವಾದ ನಮ್ಮ ದೇವರಾಯನದುರ್ಗದವರಿಗೆ ಸಿಂಹ, ಗರುಡ ಎರಡೂ ಪರಿಚಿತರೇ. ಬೆಟ್ಟದ ಬುಡದ ನಾಮದ ಚಿಲುಮೆ ರಾಮನ ಬಾಣದಿಂದ ಚಿಮ್ಮಿದ ನೀರು ಎಂಬ ನಂಬಿಕೆಯಿದೆ. ಕುಣಿಗಲ್‌ನಲ್ಲಿ ಕುದುರೆಗಳಿವೆ. ಪುರಾಣ, ಪರಂಪರೆಯೇ ಪದಕ ಕೊಡುವುದಾಗಿದ್ದರೆ ನಮ್ಮ ಜಿಲ್ಲೆಗೂ ಒಂದೆರಡು ಬರಬೇಕಿತ್ತು.

ಸರಿ, ಆ ಮೂರು ಆಟಗಳಲ್ಲಿ ಮಂಗೋಲಿಯಾಕ್ಕೆ ಒಲಿಂಪಿಕ್ ಪದಕ ಬಂದಿದ್ದು ಯಾವುದರಲ್ಲಿ? ಕುಸ್ತಿಯಲ್ಲಿ ಮತ್ತು ಅದರ ನೆಂಟನಾದ ಜೂಡೋದಲ್ಲಿ ಮಾತ್ರ. ಜನರಿಗಿಂತ ಕುದುರೆಗಳೇ ಹೆಚ್ಚಿರುವ ದೇಶ ಅದು. ಆದರೂ ಒಲಿಂಪಿಕ್ಸ್ ಕುದುರೆ ಸವಾರಿಯಲ್ಲಿ ಒಂದೂ ಪದಕವಿಲ್ಲ. ಬಿಲ್ಲುಗಾರಿಕೆಯಲ್ಲೂ ಇಲ್ಲ. ರಕ್ತದಲ್ಲಿ ಕುದುರೆಯೇ ಹರಿಯುತ್ತಿದ್ದರೆ ಆ ಪದಕ ಎಲ್ಲಿ ಹೋಯಿತು? ಉತ್ತರ ಸರಳ. ಒಲಿಂಪಿಕ್ಸ್ ಕುದುರೆ ಸವಾರಿಗೆ ಬೇಕಾದ ಕುದುರೆ ಬೇರೆ, ಅಖಾಡ ಬೇರೆ, ಅದರ ಖರ್ಚು ಶ್ರೀಮಂತ ದೇಶಗಳೇ ಭರಿಸಬೇಕಾದ ಖರ್ಚು. ಇನ್ನೊಂದು ಕಡೆ, ನಾದಮ್‌ನಲ್ಲಿ ಇಲ್ಲದ ಬಾಕ್ಸಿಂಗ್‌ನಲ್ಲಿ ಅವರಿಗೆ ಚಿನ್ನ ಬಂದಿದೆ. 2008ರಲ್ಲಿ ಬಾದರ್-ಉಗಾನ್ ಗೆದ್ದದ್ದು. ಯಾವ ಮಂಗೋಲ್ ಅಜ್ಜನೂ ತನ್ನ ಮೊಮ್ಮಗನಿಗೆ ಬಾಕ್ಸಿಂಗ್ ಗ್ಲೌಸನ್ನು ಪಿತ್ರಾರ್ಜಿತವಾಗಿ ಕೊಟ್ಟಿರಲಿಲ್ಲ.

ಎರಡನೆಯದು, ಹೆಣ್ಣುಮಕ್ಕಳು. ಬೋಖ್‌ ಅಖಾಡಕ್ಕೆ ಹೆಂಗಸರಿಗೆ ಪ್ರವೇಶವಿಲ್ಲ. ಪೈಲ್ವಾನರು ತೊಡುವ ಅಂಗಿಯ ಎದೆ ತೆರೆದಿರುತ್ತದೆ. ಹಿಂದೊಮ್ಮೆ ಒಬ್ಬ ಹೆಂಗಸು ಗಂಡುವೇಷದಲ್ಲಿ ಬಂದು ಎಲ್ಲರನ್ನೂ ಸೋಲಿಸಿದಳು, ಹಾಗಾಗಿ ಅಂಗಿಯನ್ನೇ ಹೀಗೆ ಬದಲಿಸಿದರು ಎಂದು ಅಲ್ಲಿ ಕತೆ ಹೇಳುತ್ತಾರೆ. ಅಂದರೆ ಪರಂಪರೆ ಹೆಣ್ಣನ್ನು ಹೊರಗಿಟ್ಟಿತ್ತು. ಆದರೆ ಲಂಡನ್‌ನಲ್ಲಿ ಕುಸ್ತಿಯ ಕಂಚು ಬಾತ್ಸೆತ್ಸೆಗ್ ಎಂಬ ಹೆಂಗಸಿಗೆ. ರಿಯೋದಲ್ಲಿ ಜೂಡೋ ಬೆಳ್ಳಿ ಸುಮಿಯಾಗೆ. ಟೋಕಿಯೋದಲ್ಲಿ ಜೂಡೋ ಕಂಚು ಉರಾಂತ್ಸೆತ್ಸೆಗ್‌ಗೆ, ಕುಸ್ತಿಯ ಕಂಚು ಬೊಲೋರ್‌ತುಯಾಗೆ. 2024ರ ಪ್ಯಾರಿಸ್‌ನಲ್ಲಿ ಇಡೀ ದೇಶಕ್ಕೆ ಬಂದ ಒಂದೇ ಪದಕ, ಜೂಡೋ ಬೆಳ್ಳಿ, ಬಾಸಂಖು ಎಂಬ ಹೆಂಗಸಿನದು. ಇವರ್ಯಾರಿಗೂ ಬೋಖ್ ಅಖಾಡ ಬಾಗಿಲು ತೆರೆದಿರಲಿಲ್ಲ. ಬಾಗಿಲು ತೆರೆದದ್ದು ಜೂಡೋ ಮತ್ತು ಕುಸ್ತಿಯ ಮ್ಯಾಟು. ಅಲ್ಲೊಬ್ಬ ತರಬೇತುದಾರ ಇದ್ದ, ಹುಡುಗಿ ಬಂದರೆ ಕಲಿಸುತ್ತಿದ್ದ, ಅಷ್ಟೇ.

ಮೂರನೆಯದು ಇನ್ನೂ ಸ್ವಾರಸ್ಯವಾದದ್ದು. ಟೋಕಿಯೋದಲ್ಲಿ ಮಂಗೋಲಿಯಾದ ಅತಿ ದೊಡ್ಡ ಪದಕ ಜೂಡೋ ಬೆಳ್ಳಿ. ಗೆದ್ದವನು ಸಯೀದ್ ಮೊಲ್ಲಾಯಿ. ಹುಟ್ಟಿದ್ದು ಇರಾನಿನಲ್ಲಿ. 2019ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಇಸ್ರೇಲಿನ ಆಟಗಾರ ಎದುರಾಗದಂತೆ ಸೋಲಬೇಕು ಎಂದು ತನ್ನ ಮೇಲೆ ಒತ್ತಡ ಬಂತೆಂದು ಹೇಳಿ, ಊರಿಗೆ ಮರಳದೆ ಉಳಿದವನು. ಅವನಿಗೆ ಪೌರತ್ವ ಕೊಟ್ಟಿದ್ದು ಮಂಗೋಲಿಯಾ. ಚೆಂಗೀಸ್ ಖಾನನ ವಂಶಾವಳಿಯಲ್ಲಿ ಇವನನ್ನು ಯಾವ ಕೊಂಬೆಗೆ ಕೂರಿಸುತ್ತೀರಿ?

ಕೊನೆಯದಾಗಿ, ಲಂಡನ್‌ನ ಐದು ಪದಕ ಪ್ಯಾರಿಸ್‌ಗೆ ಒಂದಾಯಿತು. ಹನ್ನೆರಡು ವರ್ಷದಲ್ಲಿ ಒಂದು ಜನಾಂಗದ ರಕ್ತ ತೆಳುವಾಗುತ್ತದೆಯೇ? ರಕ್ತ ಬದಲಾಗಲು ನೂರಾರು ತಲೆಮಾರು ಬೇಕು. ತರಬೇತುದಾರ, ದುಡ್ಡು, ಹುಡುಗರ ಆಸಕ್ತಿ, ಎದುರಾಳಿಗಳ ಸಿದ್ಧತೆ ಬದಲಾಗಲು ಒಂದೆರಡು ಒಲಿಂಪಿಕ್ಸ್ ಸಾಕು.

*

ಕುಣಿಗಲ್ ತರ್ಕ ಬರೀ ಹರಟೆಯ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಕರ್ನಾಟಕದಲ್ಲಿ ಅದನ್ನು ಸರ್ಕಾರಿ ಯೋಜನೆಯಾಗಿಯೇ ಮಾಡಿ ನೋಡಿದ್ದೇವೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ, ಬಹುಪಾಲು ಪೋರ್ಚುಗೀಸರು ಗುಲಾಮರನ್ನಾಗಿ ಹೊತ್ತು ತಂದವರ ಮಕ್ಕಳು, ಮೊಮ್ಮಕ್ಕಳು. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಯೋಜನೆಯ ಹಿಂದಿನ ಯೋಚನೆ ಗುಟ್ಟಿನದೇನಲ್ಲ: ಆಫ್ರಿಕಾದವರು ಓಡುತ್ತಾರೆ, ಇವರು ಆಫ್ರಿಕಾದವರು, ಆದ್ದರಿಂದ ಇವರು ಓಡುತ್ತಾರೆ.

ಆಫ್ರಿಕಾ ಒಂದು ಊರಲ್ಲ, ಖಂಡ ಎಂಬುದನ್ನೂ ಇಲ್ಲಿ ಮರೆಯಲಾಗಿತ್ತು. ಇರಲಿ. ಮಕ್ಕಳು ಚೆನ್ನಾಗಿಯೇ ಕಲಿತರು. ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು. ಆದರೆ ತೊಂಬತ್ತರ ದಶಕದ ಆರಂಭದಲ್ಲೇ ಅವರ ತರಬೇತಿ ನಿಂತುಹೋಯಿತು. ಬಹುಪಾಲು ಮಕ್ಕಳು ಕಾಡಿನಂಚಿನ ಊರುಗಳಿಗೆ ಮರಳಿದರು, ಕೆಲವರಿಗಷ್ಟೇ ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಿತು. ಒಬ್ಬ ಓಟಗಾರ ರೂಪುಗೊಳ್ಳಲು ಹತ್ತು ವರ್ಷ ಬೇಕು. ನಾವು ಕೊಟ್ಟಿದ್ದು ಅದರ ಅರ್ಧ. ಬೆಳೆ ಬರುವ ಮುಂಚೆಯೇ ನೀರು ನಿಲ್ಲಿಸಿ, ಬಿತ್ತನೆ ಬೀಜ ಸರಿಯಿಲ್ಲ ಎಂದು ಮುಖ ತಿರುಗಿಸಿದೆವು. ಇಷ್ಟೆಲ್ಲ ಆದಮೇಲೆ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಅವರ ಕಾಲುಗಳ ಮೇಲೆ ಮೊದಲು ಕಣ್ಣು ಬಿತ್ತು. ಅವರ ಜಮೀನು, ಶಾಲೆ, ಹಕ್ಕುಗಳ ಮೇಲೆ ಆಮೇಲೆ.

2020ರ ಫೆಬ್ರವರಿ ನೆನಪಿದೆಯೇ? ದಕ್ಷಿಣ ಕನ್ನಡದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಸೆಕೆಂಡ್ ಎಂದರು. ಮರುದಿನ ಅವರು ‘ಭಾರತದ ಉಸೇನ್ ಬೋಲ್ಟ್’. ಕೇಂದ್ರ ಕ್ರೀಡಾ ಸಚಿವರೇ ಟ್ರಯಲ್ಸ್‌ಗೆ ಕರೆದರು. ಕಂಬಳದಲ್ಲಿ ಹಿಮ್ಮಡಿಯ ಕೆಲಸ ಹೆಚ್ಚು, ಟ್ರ್ಯಾಕ್‌ನಲ್ಲಿ ಮುಂಗಾಲಿನ ಕೆಲಸ, ಎರಡೂ ಬೇರೆ ಬೇರೆ ಎಂದು ಗೌಡರು ವಿವೇಕದಿಂದ ಹೇಳಿ ಹಿಂದೆ ಸರಿದರು. ಆ ಇಡೀ ಗದ್ದಲದಲ್ಲಿ ಬುದ್ಧಿಯ ಮಾತಾಡಿದವರು ಅವರೊಬ್ಬರೇ ಎಂದು ಕಾಣುತ್ತದೆ. ಉಳಿದವರಿಗೆಲ್ಲ ಬೇಕಾಗಿದ್ದು ಒಂದು ಪವಾಡ. ಹತ್ತು ವರ್ಷ ಖರ್ಚು ಮಾಡದೆ, ಟ್ರ್ಯಾಕ್ ಹಾಕದೆ, ಕೆಸರಿನಿಂದ ಎದ್ದು ಬರುವ ಒಬ್ಬ ಬೋಲ್ಟ್.

ಕುಣಿಗಲ್ ತರ್ಕಕ್ಕೆ ಇನ್ನೊಂದು ಮುಖವೂ ಇದೆ, ಅದು ಕ್ರೂರವಾದದ್ದು. 2012ರ ಆಗಸ್ಟ್ ಎರಡನೇ ವಾರದಲ್ಲಿ ಮಣಿಪುರದ ಮೇರಿ ಕೋಮ್ ಲಂಡನ್‌ನಲ್ಲಿ ಕಂಚು ಗೆದ್ದರು. ಇಡೀ ದೇಶ ‘ನಮ್ಮ ಮೇರಿ’ ಎಂದಿತು. ಈಶಾನ್ಯದವರ ಗಟ್ಟಿತನ, ಬೆಟ್ಟದ ಮಕ್ಕಳ ಉಸಿರು ಎಂದೆಲ್ಲ ಹೊಗಳಿಕೆ ಬಂತು. ಅದೇ ತಿಂಗಳ ನಡುವೆ, ಒಂದು ವಾರವೂ ಕಳೆಯುವ ಮುನ್ನ, ವದಂತಿಗಳಿಗೆ ಹೆದರಿ ಈಶಾನ್ಯದ ಸಾವಿರಾರು ಹುಡುಗ ಹುಡುಗಿಯರು ಬೆಂಗಳೂರಿನ ರೈಲು ನಿಲ್ದಾಣಕ್ಕೆ ಓಡಿದರು, ಗುವಾಹಟಿಯ ರೈಲು ಹತ್ತಿದರು. ಮುಖ ನೋಡಿ ‘ಇವರ ರಕ್ತವೇ ಹಾಗೆ’ ಎಂದು ಹೊಗಳುವ ನಾಲಿಗೆಯೂ, ಮುಖ ನೋಡಿ ‘ನೀವು ಯಾವ ದೇಶದವರು’ ಎಂದು ಕೇಳುವ ನಾಲಿಗೆಯೂ ಒಂದೇ. ರಕ್ತದ ಮಾತು ಹೊಗಳಿಕೆಯಾಗಿ ಶುರುವಾದರೂ ಕೊನೆಗೆ ಹೋಗಿ ನಿಲ್ಲುವುದು ಅಲ್ಲಿಯೇ.

*

ಹಾಗಾದರೆ ಪದಕ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಉತ್ತರವಿದೆ. ಅದು ಗುಬ್ಬಿಯಲ್ಲಿದೆ.

ಗುಬ್ಬಿ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ಅದೇ ಕಂಪನಿಗೆ ಬಾಲನಟನಾಗಿ ಬಂದ ವೀರಣ್ಣನವರು ಮುಂದೆ ಅದರ ಒಡೆಯರಾದರು. ಗುಬ್ಬಿ ಸೀಮೆಯ ನೀರಿನಲ್ಲಿ ನಟನೆಯ ಗುಣವೇನೂ ಇರಲಿಲ್ಲ. ಆ ಕಂಪನಿಯಲ್ಲಿ ಬೆಳೆದವರೂ ಗುಬ್ಬಿಯವರೇ ಆಗಿರಲಿಲ್ಲ. ಗಾಜನೂರಿನ ಮುತ್ತುರಾಜ, ಅಂದರೆ ರಾಜ್‌ಕುಮಾರ್, ಅಲ್ಲಿ ಪಾತ್ರ ಮಾಡಿದರು. ಜಿ.ವಿ. ಅಯ್ಯರ್ ಚಿಕ್ಕ ಹುಡುಗನಾಗಿದ್ದಾಗಲೇ ಅಲ್ಲಿಗೆ ಬಂದು ಸೇರಿದರು. ದಕ್ಷಿಣ ಕನ್ನಡದಿಂದ ಬಂದ ಬಿ.ವಿ. ಕಾರಂತರನ್ನು ವೀರಣ್ಣನವರು ಎಂ.ಎ. ಓದಲು ಕಾಶಿಗೆ ಕಳಿಸಿದರು. ಹೆಣ್ಣುಮಕ್ಕಳು ರಂಗಕ್ಕೆ ಬರುವುದೇ ಅಪರೂಪವಾಗಿದ್ದ ಕಾಲದಲ್ಲಿ ಬಿ. ಜಯಮ್ಮನವರಂಥವರು ಆ ಕಂಪನಿಯ ಮುಖ್ಯ ನಟಿಯಾದರು.

ಇವರಿಗೆಲ್ಲ ಕಂಪನಿ ಕೊಟ್ಟಿದ್ದೇನು? ಎರಡು ಹೊತ್ತು ಊಟ, ಮಲಗಲು ಜಾಗ, ಸಂಬಳ, ಕಲಿಸುವ ಹಿರಿಯರು, ದಿನಾ ಅಭ್ಯಾಸ, ಸಂಜೆಯಾದರೆ ಎದುರಿಗೆ ಪ್ರೇಕ್ಷಕರು. ತಪ್ಪಿದರೆ ನಾಳೆ ಸರಿ ಮಾಡಿಕೊಳ್ಳಲು ಇನ್ನೊಂದು ಪ್ರದರ್ಶನ. ಪ್ರತಿಭೆ ಆಗಲೂ ಎಲ್ಲ ಊರುಗಳಲ್ಲೂ ಇತ್ತು. ಕಂಪನಿ ಇದ್ದದ್ದು ಗುಬ್ಬಿಯಲ್ಲಿ. ಇದನ್ನು ನಾನು ಗುಬ್ಬಿ ತರ್ಕ ಎನ್ನುತ್ತೇನೆ. ಮನುಷ್ಯರ ವಿಷಯದಲ್ಲಿ ಕೆಲಸ ಮಾಡುವುದು ಈ ತರ್ಕ.

ಮಂಗೋಲಿಯಾದ ಹತ್ತಿರ ಇರುವುದೂ ಇಂಥ ಒಂದು ಕಂಪನಿಯೇ. ನಾದಮ್ ರಾಜಧಾನಿಯಲ್ಲಿ ಮಾತ್ರ ನಡೆಯುವ ಹಬ್ಬವಲ್ಲ. ನಮ್ಮ ಹೋಬಳಿಯಂಥ ಸುಮ್‌ಗಳಲ್ಲಿ ಒಂದು, ನಮ್ಮ ಜಿಲ್ಲೆಯಂಥ ಐಮಗ್‌ಗಳಲ್ಲಿ ಒಂದು, ಅದರ ಮೇಲೆ ರಾಷ್ಟ್ರೀಯ ನಾದಮ್. ಒಂದೊಂದು ಮೆಟ್ಟಿಲಿಗೂ ಬಿರುದು, ಮರ್ಯಾದೆ. ಸೋವಿಯತ್ ನಂಟಿನ ಕಾಲದಲ್ಲಿ ಆ ಹಳ್ಳಿಯ ಅಖಾಡದ ಪಕ್ಕದಲ್ಲೇ ಸಾಂಬೋ, ಜೂಡೋ, ಒಲಿಂಪಿಕ್ ಕುಸ್ತಿಯ ಮ್ಯಾಟು ಬಂತು, ಸೇನೆ ಮತ್ತು ಪೊಲೀಸರ ಕ್ರೀಡಾ ಸಂಘಗಳು ಬಂದವು. 1964ರಲ್ಲಿ ಮೊದಲ ಸಲ ಒಲಿಂಪಿಕ್ಸ್‌ಗೆ ಹೋದ ದೇಶ 1968ರ ಮೆಕ್ಸಿಕೋದಲ್ಲಿ ಕುಸ್ತಿಯ ಬೆಳ್ಳಿ ತಂದಿತು. ಅದನ್ನು ಗೆದ್ದ ಮುಂಖ್‌ಬಾತ್ ನಾದಮ್‌ನ ದೊಡ್ಡ ಪೈಲ್ವಾನರೂ ಹೌದು. ಅವರ ಮಗ ಹಕುಹೋ ಜಪಾನಿನ ಸುಮೋದಲ್ಲಿ ಅತ್ಯುನ್ನತ ಪದವಿಯಾದ ಯೊಕೊಜುನಾಗೆ ಏರಿದರು. ‘ನೋಡಿ, ರಕ್ತ!’ ಎನ್ನುವವರಿಗೆ ಒಂದು ಮಾತು: ಹಕುಹೋ ಸುಮೋ ಕಲಿತಿದ್ದು ತಂದೆಯ ರಕ್ತದಿಂದಲ್ಲ. ಹದಿಹರೆಯದಲ್ಲಿ ಜಪಾನಿಗೆ ಹೋಗಿ, ಅಲ್ಲಿನ ಸುಮೋ ಮನೆಯಲ್ಲಿ ಉಂಡು, ಮಲಗಿ, ನೆಲ ಗುಡಿಸಿ, ಒದೆ ತಿಂದು ಕಲಿತದ್ದು. ಅದೂ ಒಂದು ಕಂಪನಿಯೇ.

ಮಂಗೋಲಿಯಾವನ್ನು ಸ್ವರ್ಗ ಮಾಡುವುದು ನನ್ನ ಉದ್ದೇಶವಲ್ಲ. ನಾದಮ್ ಕುದುರೆ ಓಟದಲ್ಲಿ ಚಿಕ್ಕ ಮಕ್ಕಳನ್ನು ಸವಾರರಾಗಿ ಕೂರಿಸುತ್ತಾರೆ, ಬಿದ್ದು ಪೆಟ್ಟಾಗುತ್ತದೆ, ಅದರ ಬಗ್ಗೆ ಅಲ್ಲಿಯೇ ಜಗಳವಿದೆ. ನಾನು ಹೇಳುತ್ತಿರುವುದು ಇಷ್ಟು: ಹಳ್ಳಿಯ ಆಟದಿಂದ ಜಗತ್ತಿನ ಅಖಾಡಕ್ಕೆ ಅವರು ಒಂದು ಸೇತುವೆ ಕಟ್ಟಿದರು.

ನಮ್ಮಲ್ಲಿ ಗೆದ್ದವರನ್ನೂ ನೋಡಿ. ಕುಂದಾಪುರ ತಾಲ್ಲೂಕಿನ ಗುರುರಾಜ ಪೂಜಾರಿ ವಾಹನ ಚಾಲಕರ ಮಗ. ಮೊದಲು ಮನಸ್ಸಿದ್ದದ್ದು ಕುಸ್ತಿಯ ಮೇಲೆ. ಉಜಿರೆಯ ಕಾಲೇಜಿನಲ್ಲಿ ಭಾರ ಎತ್ತುವುದನ್ನು ಕಲಿತರು, ವಾಯುಪಡೆಯಲ್ಲಿ ಕೆಲಸ ಸಿಕ್ಕಿತು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ, 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಕೆ.ಜಿ. ಎತ್ತಿ ಕಂಚು. ಕಾರ್ಕಳ ಕಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಕಬಡ್ಡಿಯ ಚಿನ್ನ ಗೆದ್ದ ತಂಡದವರು. ಅವರಿಗೆ ಅನ್ನ ಕೊಟ್ಟಿದ್ದು ರೈಲ್ವೆಯ ಕೆಲಸ. ಕಾಲೇಜು, ತರಬೇತುದಾರ, ಸಂಬಳ. ಈ ಮೂರರಲ್ಲಿ ಒಂದನ್ನು ತೆಗೆದುಬಿಡಿ, ಈ ಹೆಸರುಗಳು ನಮಗೆ ಗೊತ್ತೇ ಇರುತ್ತಿರಲಿಲ್ಲ. ರಕ್ತ ಮಾತ್ರ ಹಾಗೇ ಇರುತ್ತಿತ್ತು.

*

ನನ್ನದು ದುರ್ಗದ ಕೆಳಗಿನ ಹಳ್ಳಿ. ಭಾನುವಾರ ಬೆಳಿಗ್ಗೆ ದೇವರಾಯನದುರ್ಗದ ರಸ್ತೆಯಲ್ಲಿ ಎರಡು ಬಗೆಯ ಜನ ಬೆವರುತ್ತಿರುತ್ತಾರೆ. ಒಂದು, ಬೆಂಗಳೂರಿನಿಂದ ಬರುವ ಸೈಕಲ್ ಸವಾರರು. ಅವರ ಸೈಕಲ್ಲಿನ ಬೆಲೆಗೆ ನಮ್ಮೂರಲ್ಲಿ ಒಂದು ಜೊತೆ ಒಳ್ಳೆಯ ಎತ್ತು ಬರುತ್ತದೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಬೆಟ್ಟ ಎಲ್ಲರದು. ಇನ್ನೊಂದು, ನಮ್ಮ ಸುತ್ತಲಿನ ಹಳ್ಳಿಗಳ ಹುಡುಗರು. ಹಳೆಯ ಕ್ಯಾನ್ವಾಸ್ ಶೂ, ಕೆಲವರಿಗೆ ಅದೂ ಇಲ್ಲ. ಇವರು ಪದಕಕ್ಕಾಗಿ ಓಡುತ್ತಿಲ್ಲ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಗೆ ಓಡುತ್ತಿದ್ದಾರೆ. ಗಂಡಸರಿಗೆ 1600 ಮೀಟರ್, ಆರೂವರೆ ನಿಮಿಷದೊಳಗೆ. ಹೆಂಗಸರಿಗೆ 400 ಮೀಟರ್, ಎರಡು ನಿಮಿಷದೊಳಗೆ.

ನಮ್ಮ ಹಳ್ಳಿಗಳಿಗೆ ನಿಜವಾಗಿ ತಲುಪಿರುವ ಕ್ರೀಡಾ ಸಂಸ್ಥೆ ಇದೊಂದೇ ಎಂದು ನನಗೆ ಅನ್ನಿಸುತ್ತದೆ: ನೇಮಕಾತಿಯ ಅಧಿಸೂಚನೆ. ಅಧಿಸೂಚನೆ ಬಂದರೆ ಇಡೀ ತಾಲ್ಲೂಕು ಓಡುತ್ತದೆ. ಬರದಿದ್ದರೆ ನಿಲ್ಲುತ್ತದೆ. ಈ ಹುಡುಗರು ಸೋಮಾರಿಗಳಲ್ಲ, ಶಕ್ತಿಯಿಲ್ಲದವರಲ್ಲ, ಮುದ್ದೆ ತಿಂದು ಮಂಕಾದವರೂ ಅಲ್ಲ. ಕೊನೆಯಲ್ಲಿ ಒಂದು ಸಂಬಳ ಕಂಡರೆ ಬೆಳಿಗ್ಗೆ ಐದಕ್ಕೆ ಎದ್ದು ಬೆಟ್ಟ ಹತ್ತುವವರು. ಆರೂವರೆ ನಿಮಿಷದ ಗುರಿ ಕೊಟ್ಟಿದ್ದೇವೆ, ಆರೂವರೆ ನಿಮಿಷದಲ್ಲಿ ಓಡುತ್ತಾರೆ. ನಾಲ್ಕು ನಿಮಿಷದ ಗುರಿ ಕೊಟ್ಟು, ಅದರ ಕೊನೆಯಲ್ಲೂ ಒಂದು ಬದುಕು ಇದೆ ಎಂದು ಯಾರೂ ಹೇಳಿಲ್ಲ.

ಹುಡುಗಿಯರ ಕತೆ ಇದಕ್ಕಿಂತ ಬೇಗ ಮುಗಿಯುತ್ತದೆ. ಗುಬ್ಬಿ ತಾಲ್ಲೂಕಿನ ನನ್ನ ಚಿಕ್ಕಪ್ಪನ ಮಗಳು ಹೈಸ್ಕೂಲಿನಲ್ಲಿ 800 ಮೀಟರ್ ಓಡುತ್ತಿದ್ದಳು. ಹೋಬಳಿ, ತಾಲ್ಲೂಕು, ಜಿಲ್ಲೆ ದಾಟಿ ವಿಭಾಗ ಮಟ್ಟಕ್ಕೆ ಹೋದಳು. ಕಲಿಸಿದವರು ಪಿ.ಟಿ. ಮೇಷ್ಟ್ರು. ಎಸ್ಸೆಸ್ಸೆಲ್ಸಿ ಮುಗಿಯಿತು. ಸೇರಿದ ಪಿಯು ಕಾಲೇಜಿನಲ್ಲಿ ಮೈದಾನವೂ ಇರಲಿಲ್ಲ, ಮೇಷ್ಟ್ರೂ ಇರಲಿಲ್ಲ. ‘ವಯಸ್ಸಿಗೆ ಬಂದ ಹುಡುಗಿ ಚಡ್ಡಿ ಹಾಕಿಕೊಂಡು ರಸ್ತೆಯಲ್ಲಿ ಓಡುವುದೇ’ ಎಂದು ಮನೆಯಲ್ಲಿ ಹೇಳಿದಾಗ ಎದುರು ನಿಂತು ‘ನಾನಿದ್ದೇನೆ, ಕಳಿಸಿ’ ಎನ್ನಲು ಯಾವ ಸಂಸ್ಥೆಯೂ ಇರಲಿಲ್ಲ. ಈಗ ಗಾರ್ಮೆಂಟ್ಸ್ ಬಸ್ಸು ಹಿಡಿಯಲು ಮಾತ್ರ ಓಡುತ್ತಾಳೆ. ಅವಳಿಗೂ ಮಂಗೋಲಿಯಾದ ಬಾಸಂಖುವಿಗೂ ಇರುವ ವ್ಯತ್ಯಾಸ ರಕ್ತದ್ದು ಎಂದು ನನ್ನ ಮುಂದೆ ಯಾರಾದರೂ ಹೇಳಲಿ, ನೋಡೋಣ.

ಈ ಅನ್ಯಾಯವನ್ನು ನಾನು ನನ್ನದೇ ಬದುಕಿನೊಂದಿಗೆ ಹೋಲಿಸಿ ನೋಡುತ್ತೇನೆ. ನಾನು ಪಿಎಚ್‌ಡಿ ವಿದ್ಯಾರ್ಥಿನಿ. ನನಗೆ ತಿಂಗಳು ತಿಂಗಳು ಫೆಲೋಶಿಪ್ ಬರುತ್ತದೆ. ನನ್ನ ಪ್ರಬಂಧ ಇನ್ನೂ ಮುಗಿದಿಲ್ಲ, ಅದು ಚೆನ್ನಾಗಿರುತ್ತದೆ ಎಂಬ ಭರವಸೆಯನ್ನೂ ನಾನು ಯಾರಿಗೂ ಬರೆದುಕೊಟ್ಟಿಲ್ಲ. ನಿನ್ನ ಅಜ್ಜ ಪಂಡಿತನೇ ಎಂದೂ ಯಾರೂ ಕೇಳಲಿಲ್ಲ. ಕಲಿಯಲು ವರ್ಷಗಳು ಬೇಕು, ಆ ವರ್ಷಗಳಲ್ಲಿ ಊಟ ಬೇಕು ಎಂದು ಒಪ್ಪಿಕೊಂಡು ಕೊಡುತ್ತಾರೆ. ವಿದ್ಯೆಗೆ ಗುಬ್ಬಿ ತರ್ಕ, ಓಟಕ್ಕೆ ಮಾತ್ರ ಕುಣಿಗಲ್ ತರ್ಕ. ಓಡುವ ಹುಡುಗಿ ಮೊದಲು ಗೆದ್ದು ತೋರಿಸಬೇಕು, ಆಮೇಲೆ ಊಟದ ಮಾತು.

*

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು.

‘ಸರ್ಕಾರ ಕೋಟಿ ಕೋಟಿ ಬಹುಮಾನ ಕೊಡುತ್ತಿದೆಯಲ್ಲ?’ ಕೊಡುತ್ತಿದೆ, ಗೆದ್ದು ಬಂದ ಮೇಲೆ. ತೆರೆದ ಜೀಪು, ಮೈಸೂರು ಪೇಟ, ಶಾಲು, ಚೆಕ್ಕಿನ ದೊಡ್ಡ ಹಲಗೆ. ಪೊಲೀಸ್ ನೇಮಕಾತಿಯಲ್ಲಿ ಕ್ರೀಡಾಪಟುಗಳಿಗೆ ಮೀಸಲಾತಿಯೂ ಬಂದಿದೆ, ಸ್ವಾಗತ. ಆದರೆ ಅದು ಕೂಡ ಆಗಲೇ ಮೇಲೆ ಬಂದವರಿಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಮಾಡಲಿಲ್ಲ. ಒಬ್ಬರ ಜುಟ್ಟಿಗೆ ಮುಡಿಸುವ ಮಲ್ಲಿಗೆಯ ದುಡ್ಡಿನಲ್ಲಿ ಎಷ್ಟು ತಾಲ್ಲೂಕುಗಳ ಮಕ್ಕಳಿಗೆ ಹಿಟ್ಟಾಗುತ್ತದೆ, ಲೆಕ್ಕ ಹಾಕಿ.

‘ಕ್ರೀಡಾಂಗಣ ಕಟ್ಟಿದ್ದಾರಲ್ಲ?’ ಹೌದು. ತುಮಕೂರಿನ ಮಹಾತ್ಮಾ ಗಾಂಧಿ ಕ್ರೀಡಾಂಗಣವನ್ನು ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಹೊಸದಾಗಿ ಕಟ್ಟಿದ್ದಾರೆ. ಒಳ್ಳೆಯದೇ. ಆದರೆ ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್. ಅಲ್ಲಿನ ಹುಡುಗಿ ದಿನಾ ಬೆಳಿಗ್ಗೆ ಆರಕ್ಕೆ ಇಲ್ಲಿಗೆ ಬಂದು ಓಡಿ, ಒಂಬತ್ತಕ್ಕೆ ಶಾಲೆಗೆ ವಾಪಸ್ ಹೋಗಲಾರಳು. ಕ್ರೀಡೆ ಎಂದರೆ ಕಟ್ಟಡ ಎಂದುಕೊಂಡಿದ್ದೇವೆ. ಕಟ್ಟಡಕ್ಕೆ ಟೆಂಡರ್ ಕರೆಯಬಹುದು, ಉದ್ಘಾಟನೆಗೆ ಕಲ್ಲು ಹಾಕಿಸಬಹುದು. ಪಿ.ಟಿ. ಮೇಷ್ಟ್ರಿಗೆ ಉದ್ಘಾಟನೆಯ ಕಲ್ಲಿಲ್ಲ, ಅದಕ್ಕೇ ಆ ಹುದ್ದೆಗಳ ನೆನಪಾಗುವುದಿಲ್ಲ.

‘ಮಕ್ಕಳಿಗೆ ಸರಿಯಾಗಿ ಓದು ಬರಹವೇ ಇಲ್ಲದ ದೇಶದಲ್ಲಿ ಪದಕದ ಹುಚ್ಚೇಕೆ, ಇದೆಲ್ಲ ರಾಷ್ಟ್ರೀಯತೆಯ ಜಾತ್ರೆ’ ಎಂಬ ಮಾತು ಸಾಹಿತ್ಯದ ವಲಯದಿಂದಲೇ ಬರುತ್ತದೆ. ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಪದಕಪಟ್ಟಿಯನ್ನು ದೇಶದ ಮಾನ ಎಂದು ಕೂಗುವವರ ಜೊತೆ ನಾನೂ ಇಲ್ಲ. ಆದರೆ ಈ ಮಾತಿನ ಹಿಂದೆ ಒಂದು ಹಳೆಯ ಚಾಳಿಯೂ ಇದೆ. ಮೈಯ ಕೆಲಸ ಕೀಳು, ತಲೆಯ ಕೆಲಸ ಮೇಲು ಎಂಬ ಚಾಳಿ. ಅದರ ಬೇರು ಎಲ್ಲಿದೆ ಎಂಬುದು ಜಾತಿಯ ಬಗ್ಗೆ ಇಷ್ಟೆಲ್ಲ ಬರೆದಿರುವ ನಮಗೆ ಗೊತ್ತಿರಬೇಕು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿ 19ನೆಯವರಾಗಿ ಬಂದ ಫಡೆಪ್ಪ ದರೆಪ್ಪ ಚೌಗುಲೆ ನಮ್ಮ ಬೆಳಗಾವಿಯವರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಇಡೀ ಭಾರತಕ್ಕೆ ಬಂದ ಒಂದೇ ಪದಕ ಹಾಸನ ಜಿಲ್ಲೆಯ ಗಿರೀಶ ಅವರ ಎತ್ತರ ಜಿಗಿತದ ಬೆಳ್ಳಿ. ನಮ್ಮಲ್ಲಿ ಎಷ್ಟು ಜನ ಇವರ ಹೆಸರು ಕೇಳಿದ್ದೇವೆ? ಎಷ್ಟು ಕತೆ, ಎಷ್ಟು ಕಾದಂಬರಿಗಳಲ್ಲಿ ಓಡುವ, ಜಿಗಿಯುವ, ಭಾರ ಎತ್ತುವ ಒಬ್ಬ ಮನುಷ್ಯನ ಮೈಗೆ ಜಾಗ ಸಿಕ್ಕಿದೆ? ಬರೆಯುವವರು ನೋಡದೆ ಬಿಟ್ಟ ಜಾಗವನ್ನು ಪವಾಡದ ಕತೆಗಳು ತುಂಬುತ್ತವೆ. ‘ಭಾರತದ ಬೋಲ್ಟ್’ ಹುಟ್ಟುವುದು ಅಲ್ಲಿಯೇ.

ಹಾಗಾಗಿ ನಾನು ಕೇಳುತ್ತಿರುವುದು ಪದಕವಲ್ಲ. ಪ್ರತಿ ಸರ್ಕಾರಿ ಶಾಲೆಗೆ ಒಬ್ಬ ದೈಹಿಕ ಶಿಕ್ಷಕ. ಪ್ರತಿ ತಾಲ್ಲೂಕಿಗೆ ಒಂದು ಮ್ಯಾಟು, ಒಂದು ಮಣ್ಣಿನ ಟ್ರ್ಯಾಕ್, ಹೆಣ್ಣುಮಕ್ಕಳು ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ, ಸಂಜೆ ಹೊತ್ತು ಅಲ್ಲಿರುವ ಒಬ್ಬ ತರಬೇತುದಾರ. ತಾಲ್ಲೂಕು ಮಟ್ಟದಲ್ಲಿ ಗೆದ್ದ ಮಗುವಿಗೆ ಪಿಯುಸಿ, ಡಿಗ್ರಿ ಮುಗಿಯುವವರೆಗೆ ಒಂದು ಫೆಲೋಶಿಪ್, ಗೆಲ್ಲಲಿ ಸೋಲಲಿ. ಹತ್ತು ವರ್ಷ ಯಾವ ಸರ್ಕಾರ ಬಂದರೂ ನಿಲ್ಲಿಸಬಾರದು. ಇದರಿಂದ ಒಲಿಂಪಿಕ್ ಪದಕ ಬರದಿದ್ದರೂ ನಷ್ಟವಿಲ್ಲ. ಗುಬ್ಬಿ ಕಂಪನಿಗೆ ಬಂದವರೆಲ್ಲ ರಾಜ್‌ಕುಮಾರ್ ಆಗಲಿಲ್ಲ. ಆದರೆ ಬಂದವರೆಲ್ಲ ಉಂಡರು, ಕಲಿತರು, ಒಂದು ಕಾಲದ ಕರ್ನಾಟಕವನ್ನು ರಂಜಿಸಿದರು.

ಮುಂದಿನ ಒಲಿಂಪಿಕ್ಸ್ 2028ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅದು ಮುಗಿದ ವಾರ ಯಾರಾದರೂ ನಿಮ್ಮೆದುರು ಮಂಗೋಲಿಯಾದ ಜನಸಂಖ್ಯೆ ಹೇಳಿ, ತಲೆಯಾಡಿಸಿ, ‘ರಕ್ತದಲ್ಲಿರಬೇಕು ಬಿಡಿ’ ಎಂದರೆ ಜಗಳ ಬೇಡ. ನಿಮ್ಮೂರ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು ಇದ್ದಾರೆಯೇ ಎಂದು ಕೇಳಿ. ಇಲ್ಲ ಎಂದರೆ, ಎಷ್ಟು ವರ್ಷದಿಂದ ಇಲ್ಲ ಎಂದು ಕೇಳಿ.